ಹಿರಿಯರಿಗೂ ಅವರ ಆರೈಕೆದಾರರಿಗೂ ಪ್ರಶಸ್ತಿ ಕೊಡುವ ಮೊದಲು ನಿಮ್ಮ ನಮೂನೆಯನ್ನು ನೋಡಿಕೊಳ್ಳಿ

ಅಕ್ಟೋಬರ್ 1ರಂದು ನಿಮ್ಮ ಸಂಘದ ವತಿಯಿಂದ ಹಿರಿಯರಿಗೊಂದು, ಅವರಿಗೆ ಆಸರೆಯಾದವರಿಗೊಂದು ಪ್ರಶಸ್ತಿ ಕೊಡಬೇಕೆಂದಿದ್ದೀರಿ. ಆಯ್ಕೆಗೆ ವಯಸ್ಸನ್ನು ನೋಡಬೇಕೇ, ಸಾಧನೆಯನ್ನು ನೋಡಬೇಕೇ, ಸದಸ್ಯರ ಮತಕ್ಕೆ ಬಿಡಬೇಕೇ ಎಂದು ಕೇಳಿದ್ದೀರಿ. ಇಂಥದೇ ಒಂದು ಪ್ರಶಸ್ತಿಯ ಸಮಿತಿಯಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಮೊದಲ ವರ್ಷ ನಾವೂ ಈ ಮೂರು ಪ್ರಶ್ನೆಗಳ ಸುತ್ತಲೇ ಸಭೆಗಳನ್ನು ಕಳೆದೆವು. ಆದರೆ ನಮಗೆ ಪೆಟ್ಟು ಬಿದ್ದದ್ದು ಆ ಮೂರರಲ್ಲಿ ಯಾವುದರಿಂದಲೂ ಅಲ್ಲ, ನಾಮನಿರ್ದೇಶನದ ನಮೂನೆಯಿಂದ. ಆ ನಮೂನೆಯನ್ನು ಸಿದ್ಧಪಡಿಸಿದ್ದು ನಾನೇ.

ಆರೈಕೆದಾರರ ವಿಭಾಗಕ್ಕೆ ಆ ವರ್ಷ ಆಯ್ಕೆಯಾದವರು, ಪಾರ್ಶ್ವವಾಯುವಿನಿಂದ ದೇಹದ ಒಂದು ಭಾಗದ ಸ್ವಾಧೀನ ಕಳೆದುಕೊಂಡಿದ್ದ ತಮ್ಮ ಅತ್ತೆಯನ್ನು ಉದ್ಯೋಗ ಬಿಟ್ಟು ನೋಡಿಕೊಳ್ಳುತ್ತಿದ್ದ ಒಬ್ಬ ಸೊಸೆ. ಆಯ್ಕೆಯಲ್ಲಿ ಯಾವ ದೋಷವೂ ಇರಲಿಲ್ಲ. ಇಂದು ಕೇಳಿದರೂ ನಾನು ಅವರನ್ನೇ ಆರಿಸುತ್ತೇನೆ. ಅವರ ಹೆಸರನ್ನು ಸೂಚಿಸಿದ್ದ ನೆರೆಮನೆಯವರು ಕಣ್ಣಾರೆ ಕಂಡದ್ದನ್ನು ಪ್ರೀತಿಯಿಂದ, ವಿವರವಾಗಿ ಬರೆದುಕೊಟ್ಟಿದ್ದರು. ಸಮಾರಂಭದಲ್ಲಿ ನಿರೂಪಕರು ಆ ಬರಹವನ್ನೇ ಅಭಿನಂದನಾ ಪತ್ರವಾಗಿ ಓದಿದರು: ಸೊಸೆ ಅತ್ತೆಗೆ ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ತುತ್ತು ತಿನ್ನಿಸುವುದು, ರಾತ್ರಿ ಎಬ್ಬಿಸಿ ಶೌಚಾಲಯಕ್ಕೆ ಕರೆದೊಯ್ಯುವುದು, ಹೊತ್ತಿಗೆ ಸರಿಯಾಗಿ ಕರೆದೊಯ್ಯಲಾಗದ ದಿನ ಹಾಸಿಗೆಯನ್ನು ಸ್ವಚ್ಛಗೊಳಿಸುವುದು. ಅತ್ತೆ ಮೊದಲ ಸಾಲಿನಲ್ಲೇ ಕುಳಿತಿದ್ದರು. ಅವರು ಗಣಿತ ಕಲಿಸಿ ನಿವೃತ್ತರಾದ ಶಿಕ್ಷಕಿ. ದೇಹ ಸೋತಿತ್ತೇ ಹೊರತು ಬುದ್ಧಿ ಸ್ವಲ್ಪವೂ ಮಂಕಾಗಿರಲಿಲ್ಲ, ಮತ್ತು ಸಭೆಯಲ್ಲಿ ಅವರ ಹಳೆಯ ವಿದ್ಯಾರ್ಥಿಗಳೂ ಇದ್ದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದಾಗ ನಾವು ಸಮಿತಿಯವರು ಕಾರ್ಯಕ್ರಮ ಗೆದ್ದಿತೆಂದುಕೊಂಡೆವು. ಕೆಲವು ದಿನಗಳ ನಂತರ ಸೊಸೆ ಫಲಕವನ್ನು ಹಿಂದಿರುಗಿಸಲು ಬಂದರು. "ಇನ್ನು ಮೇಲೆ ನನ್ನನ್ನು ನೋಡಿದವರಿಗೆಲ್ಲ ಅದೇ ನೆನಪಾಗುತ್ತದೆ" ಎಂದು ಅತ್ತೆ ಹೇಳಿದರಂತೆ. ಆ ಹಿರಿಯರು ವಾರಕ್ಕೊಮ್ಮೆ ಬರುತ್ತಿದ್ದ ಓದುಗರ ಕೂಟಕ್ಕೆ ಬರುವುದನ್ನು ನಿಲ್ಲಿಸಿದರು. ಮರುವರ್ಷ ಆರೈಕೆದಾರರ ವಿಭಾಗಕ್ಕೆ ಒಂದು ನಾಮನಿರ್ದೇಶನವೂ ಬರಲಿಲ್ಲ. ತಮ್ಮ ಮನೆಯ ಒಳಸಂಗತಿ ವೇದಿಕೆಯಲ್ಲಿ ಕೇಳಿಬರುವುದು ಯಾವ ಕುಟುಂಬಕ್ಕೂ ಬೇಕಿರಲಿಲ್ಲ.

ತಪ್ಪು ನಿರೂಪಕರದೆಂದು ಸಮಿತಿಯಲ್ಲಿ ಕೆಲವರು ವಾದಿಸಿದರು. ನಾನು ಒಪ್ಪಲಿಲ್ಲ. ನಾನು ಬರೆದ ನಮೂನೆಯಲ್ಲಿ ಅತಿ ದೊಡ್ಡ ಖಾಲಿ ಜಾಗವನ್ನು ಬಿಟ್ಟಿದ್ದದ್ದು "ಆರೈಕೆಯಲ್ಲಿ ಎದುರಿಸುತ್ತಿರುವ ಕಷ್ಟಗಳನ್ನು ವಿವರಿಸಿ" ಎಂಬ ಪ್ರಶ್ನೆಯ ಕೆಳಗೆ. ತೀರ್ಪುಗಾರರಿಗೆ ಕೊಟ್ಟ ಅಂಕಪಟ್ಟಿಯಲ್ಲೂ ಕಷ್ಟದ ಪ್ರಮಾಣಕ್ಕೇ ಹೆಚ್ಚು ಅಂಕ. ಇದರ ಪರಿಣಾಮವನ್ನು ಒಂದೊಂದಾಗಿ ನೋಡಿ. ಕಷ್ಟಕ್ಕೆ ಅಂಕವಿದ್ದರೆ ಹೆಸರು ಸೂಚಿಸುವವರು ಕಷ್ಟವನ್ನೇ ಬರೆಯುತ್ತಾರೆ. ಆರೈಕೆಯ ಕಷ್ಟವನ್ನು ಬರೆಯಬೇಕಾದರೆ ಹಿರಿಯರ ಅಸಹಾಯಕತೆಯನ್ನು ಬರೆಯದೆ ದಾರಿಯಿಲ್ಲ. ಅಸಹಾಯಕತೆ ಹೆಚ್ಚಿದಷ್ಟೂ ಗೆಲ್ಲುವ ಅವಕಾಶ ಹೆಚ್ಚುತ್ತದೆ. ಹೀಗೆ ಸೊಸೆಯನ್ನು ಎತ್ತರಿಸಲು ಅತ್ತೆಯನ್ನು ತಗ್ಗಿಸುವ ತಕ್ಕಡಿಯೊಂದನ್ನು ನಾನು ಕಾಗದದ ಮೇಲೆ ಕಟ್ಟಿಟ್ಟಿದ್ದೆ. ಇದರ ಮೇಲೆ ಇನ್ನೊಂದು ಲೋಪವೂ ಸೇರಿತು: ಹೆಸರು ಸೂಚಿಸುವವರ ಸಹಿಗೆ ಜಾಗವಿತ್ತು, ಆರೈಕೆದಾರರ ಒಪ್ಪಿಗೆಗೂ ಜಾಗವಿತ್ತು, ಆದರೆ ಯಾರ ದೇಹದ ಕುರಿತು ಪುಟಗಟ್ಟಲೆ ಬರೆಯಲಾಗಿತ್ತೋ ಅವರ ಸಹಿಗೆ ಜಾಗವೇ ಇರಲಿಲ್ಲ. ಹಿರಿಯರನ್ನು ಗೌರವಿಸಲು ಹೊರಟವರಿಗೆ ಹಿರಿಯರನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ.

ವಿಶ್ವಸಂಸ್ಥೆಯ ಮಹಾಸಭೆಯು 1990ರ ಡಿಸೆಂಬರ್‌ನಲ್ಲಿ ಅಕ್ಟೋಬರ್ 1ನ್ನು ಅಂತರರಾಷ್ಟ್ರೀಯ ಹಿರಿಯರ ದಿನವೆಂದು ಗೊತ್ತುಪಡಿಸಿತು. ಮರುವರ್ಷವೇ ಹಿರಿಯರಿಗಾಗಿ 18 ತತ್ತ್ವಗಳನ್ನು ಅಂಗೀಕರಿಸಿತು. ಅವು ಸ್ವಾವಲಂಬನೆ, ಪಾಲ್ಗೊಳ್ಳುವಿಕೆ, ಆರೈಕೆ, ತಮ್ಮ ಸಾಮರ್ಥ್ಯವನ್ನು ಪೂರ್ಣವಾಗಿ ಬೆಳೆಸಿಕೊಳ್ಳುವ ಅವಕಾಶ ಮತ್ತು ಘನತೆ ಎಂಬ ಐದು ತಲೆಬರಹಗಳ ಕೆಳಗೆ ಬರುತ್ತವೆ. ನಾನು ಅವನ್ನು ಓದಿದ್ದು ಆ ಸಮಾರಂಭ ಮುಗಿದ ಮೇಲೆ. ಐದರಲ್ಲಿ ಆರೈಕೆಯೊಂದೇ ನಮ್ಮ ನಮೂನೆಯಲ್ಲಿತ್ತು. ಅದನ್ನೂ ನಾವು ಘನತೆಯಿಂದ ಬೇರ್ಪಡಿಸಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವಯೋತಾರತಮ್ಯದ ಜಾಗತಿಕ ವರದಿಯ ಪ್ರಕಾರ, ಜಗತ್ತಿನಲ್ಲಿ ಪ್ರತಿ ಇಬ್ಬರಲ್ಲಿ ಒಬ್ಬರು ಹಿರಿಯರ ಬಗ್ಗೆ ಪೂರ್ವಗ್ರಹದ ಧೋರಣೆ ಹೊಂದಿದ್ದಾರೆ. ಆ ಪೂರ್ವಗ್ರಹ ತಿರಸ್ಕಾರದ ಮುಖದಲ್ಲೇ ಬರಬೇಕೆಂದಿಲ್ಲ. ಕರುಣೆಯ ಮುಖದಲ್ಲಿ ಬಂದಾಗ ಅದನ್ನು ಗುರುತಿಸುವುದು ಹೆಚ್ಚು ಕಷ್ಟ, ಮತ್ತು ಸನ್ಮಾನ ಸಮಾರಂಭಗಳಲ್ಲಿ ಅದು ಬರುವುದು ಬಹುಪಾಲು ಹಾಗೆಯೇ.

ಆದ್ದರಿಂದ ನಿಮ್ಮ ನಮೂನೆಯಲ್ಲಿ ಕಷ್ಟದ ಪ್ರಶ್ನೆಯನ್ನು ಸಂಪೂರ್ಣವಾಗಿ ತೆಗೆದುಹಾಕಿ. ಅದರ ಬದಲು, ಈ ಆಸರೆ ಇರುವುದರಿಂದ ಆ ಹಿರಿಯರು ತಮ್ಮ ಇಷ್ಟದ ಯಾವ ಕೆಲಸವನ್ನು ಇಂದಿಗೂ ಮಾಡಲು ಸಾಧ್ಯವಾಗಿದೆ ಎಂದು ಕೇಳಿ. ನಾವು ಹೀಗೆ ಬದಲಿಸಿದ ಮೇಲೆ ಬಂದ ಉತ್ತರಗಳೇ ಬೇರೆಯಾದವು. ಯಾರೋ ಒಬ್ಬರು ಕೈ ಹಿಡಿದು ನಡೆಸುವುದರಿಂದ ಇನ್ನೊಬ್ಬರು ಇಂದಿಗೂ ಗ್ರಂಥಾಲಯಕ್ಕೆ ಹೋಗುತ್ತಾರೆ, ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ, ತಮ್ಮ ಲೆಕ್ಕಪತ್ರವನ್ನು ತಾವೇ ನೋಡಿಕೊಳ್ಳುತ್ತಾರೆ ಎಂಬಂಥ ಸಂಗತಿಗಳು ಬಂದವು. ಕಾಯಿಲೆಯ ಹೆಸರನ್ನೂ ಹೇಳದೆ ಆರೈಕೆದಾರರನ್ನು ಮನಸಾರೆ ಹೊಗಳಬಹುದೆಂದು ಆಗ ಗೊತ್ತಾಯಿತು. ಅಭಿನಂದನಾ ಪತ್ರದ ಕರಡನ್ನು ಹಿರಿಯರಿಗೆ ಮೊದಲೇ ಗಟ್ಟಿಯಾಗಿ ಓದಿಹೇಳಿ, ಅವರು ಬೇಡವೆಂದ ಸಾಲನ್ನು ಕಾರಣ ಕೇಳದೆ ತೆಗೆಯಿರಿ. ಮರೆವಿನ ಕಾಯಿಲೆ ಇರುವವರನ್ನೂ ಕೇಳಲೇಬೇಕು. ದಿನದಲ್ಲಿ ಅವರ ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ, ಚಿಕ್ಕ ವಾಕ್ಯಗಳಲ್ಲಿ ಕೇಳಿ. ಒಪ್ಪಿಗೆ ಖಚಿತವಾಗದಿದ್ದರೆ ಅವರ ಆರೋಗ್ಯದ ಕುರಿತ ಒಂದು ಅಕ್ಷರವೂ ಪತ್ರದಲ್ಲಿರಬಾರದು.

ಹಿರಿಯರೊಡನೆ ಒಮ್ಮೆಯಾದರೂ ಪ್ರತ್ಯೇಕವಾಗಿ ಮಾತನಾಡಿ ಎಂಬುದನ್ನೂ ಒತ್ತಿ ಹೇಳುತ್ತೇನೆ. ತಾವೇ ಆರೈಕೆದಾರರೆಂದು ಮುಂದೆ ಬಂದವರ ಮನೆಯಲ್ಲಿ ಹಿರಿಯರು ಅಂಜಿಕೆಯಿಂದ ಬಾಳುತ್ತಿರುವ ಸಾಧ್ಯತೆ ಇಲ್ಲದಿಲ್ಲ. ಹಿರಿಯರ ಮೇಲಿನ ದೌರ್ಜನ್ಯದ ಕುರಿತು ಜಾಗೃತಿ ಮೂಡಿಸಲು ವಿಶ್ವಸಂಸ್ಥೆ ಜೂನ್ 15ನ್ನು ಪ್ರತ್ಯೇಕ ದಿನವಾಗಿಯೇ ಗುರುತಿಸಿದೆ. ಅಂಥ ಮನೆಗೆ ನಿಮ್ಮ ಸಂಘದ ಫಲಕ ಹೋದರೆ ಆ ಹಿರಿಯರ ಮಾತನ್ನು ಮುಂದೆ ಯಾರೂ ನಂಬದಂತಾಗುತ್ತದೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ವಯಸ್ಸೋ ಸಾಧನೆಯೋ ಎಂಬ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ವಯಸ್ಸಿಗೆ ಪ್ರಶಸ್ತಿ ಕೊಟ್ಟರೆ ಬದುಕುಳಿದದ್ದಕ್ಕೆ ಕೊಟ್ಟಂತಾಗುತ್ತದೆ. ಹಳೆಯ ಸಾಧನೆಗೆ ಮಾತ್ರ ಕೊಟ್ಟರೆ ಈಗಿನ ಅವರಿಗೆ ಏನನ್ನೂ ಕೊಟ್ಟಂತಾಗುವುದಿಲ್ಲ. ಈಗ ಅವರು ಏನು ಮಾಡುತ್ತಿದ್ದಾರೆ ಎಂಬುದನ್ನು ನೋಡಿ. ಭಾರತ ಸರ್ಕಾರದ ವಯೋಶ್ರೇಷ್ಠ ಸಮ್ಮಾನದಲ್ಲಿ ಜೀವಮಾನದ ಸಾಧನೆಯ ಜೊತೆಗೆ ಸೃಜನಶೀಲ ಕಲೆ, ಕ್ರೀಡೆ ಮತ್ತು ಸಾಹಸ, ಧೈರ್ಯ ಎಂಬ ವಿಭಾಗಗಳೂ ಇದ್ದವು, ಸಂಸ್ಥೆಗಳಿಗೆ ಬೇರೆಯೇ ವಿಭಾಗಗಳಿದ್ದವು. ಚಿಕ್ಕ ಸಂಘಕ್ಕೆ ಅಷ್ಟು ವಿಭಾಗಗಳು ಬೇಡ, ಆದರೆ ಆ ನೋಟ ಬೇಕು. ಸದಸ್ಯರ ಮತಕ್ಕಂತೂ ಬಿಡಲೇಬೇಡಿ. ಹೆಚ್ಚು ನಂಟರಿದ್ದವರು ಗೆಲ್ಲುತ್ತಾರೆ. ಮಕ್ಕಳಿಲ್ಲದ, ಹೊರಗೆ ಓಡಾಡಲಾಗದ, ಯಾರ ಕಣ್ಣಿಗೂ ಬೀಳದ ಹಿರಿಯರಿಗೆ ಮತ ಹಾಕಲು ಯಾರಿದ್ದಾರೆ? ಅಂಥವರನ್ನು ಸಮಿತಿಯೇ ಹುಡುಕಿಕೊಂಡು ಹೋಗಬೇಕು.

ಹಿರಿಯರು ಒಂದು ಕಡೆ, ಆಸರೆಯಾದವರು ಇನ್ನೊಂದು ಕಡೆ ಎಂಬ ನಿಮ್ಮ ವಿಂಗಡಣೆಯೂ ನೀವೆಂದುಕೊಂಡಷ್ಟು ಸ್ಪಷ್ಟವಾಗಿ ನಿಲ್ಲುವುದಿಲ್ಲ. ಹಾಸಿಗೆ ಹಿಡಿದ ಪತ್ನಿಯನ್ನು ನೋಡಿಕೊಳ್ಳುವ ಎಂಬತ್ತರ ಗಂಡನನ್ನು, ಅಂಗವೈಕಲ್ಯವಿರುವ ನಡುವಯಸ್ಸಿನ ಮಗನನ್ನು ಇಂದಿಗೂ ಸಲಹುತ್ತಿರುವ ತಾಯಿಯನ್ನು ನೀವು ಯಾವ ಪಟ್ಟಿಯಲ್ಲಿ ಇಡುತ್ತೀರಿ? ನಮ್ಮಲ್ಲಿ ಅಂಥವರ ಹೆಸರು ಎರಡು ವಿಭಾಗಗಳ ನಡುವೆ ಅಲೆದಾಡಿ ಕೊನೆಗೆ ಎರಡರಿಂದಲೂ ಬಿಟ್ಟುಹೋಗುತ್ತಿತ್ತು. ಒಂದೇ ಪ್ರಶಸ್ತಿ ಇಟ್ಟು, ಒಬ್ಬರಿಗಾದರೂ ಇಬ್ಬರಿಗೆ ಒಟ್ಟಾಗಿಯಾದರೂ ಕೊಡಬಹುದೆಂದು ನಿಯಮ ಬರೆಯಿರಿ. ಸಂಬಳ ಪಡೆದು ಮನೆಗಳಲ್ಲಿ ಆರೈಕೆ ಮಾಡುವವರನ್ನೂ ಸೇರಿಸಿ. "ಅವರು ದುಡ್ಡಿಗೆ ಮಾಡುತ್ತಾರಲ್ಲ" ಎಂಬ ಆಕ್ಷೇಪ ನಮ್ಮ ಸಭೆಯಲ್ಲೂ ಬಂದಿತ್ತು. ಶಿಕ್ಷಕರೂ ವೈದ್ಯರೂ ಸಂಬಳಕ್ಕೇ ದುಡಿಯುತ್ತಾರೆ, ಅವರನ್ನು ಸನ್ಮಾನಿಸುವಾಗ ಈ ಮಾತನ್ನು ಯಾರೂ ಎತ್ತುವುದಿಲ್ಲ.

ಪ್ರಶಸ್ತಿ ಪಡೆಯುವ ಆರೈಕೆದಾರರು ಸಮಾರಂಭಕ್ಕೆ ಬಂದ ಹೊತ್ತಿನಲ್ಲಿ ಮನೆಯಲ್ಲಿ ಹಿರಿಯರ ಬಳಿ ಯಾರಿರುತ್ತಾರೆಂಬುದನ್ನು ಆಮಂತ್ರಣ ಕಳಿಸುವ ಮೊದಲೇ ಕೇಳಿ ವ್ಯವಸ್ಥೆ ಮಾಡಿ. ಇದು ಬಾಯುಪಚಾರವಾಗಬಾರದು, ನಂಬಿಕಸ್ಥರೊಬ್ಬರನ್ನು ಮೊದಲೇ ಆ ಮನೆಗೆ ಪರಿಚಯಿಸಬೇಕು. ಸಂಘದ ಬಳಿ ಹಣ ಕಡಿಮೆಯಿದ್ದರೆ ಫಲಕವನ್ನು ಚಿಕ್ಕದಾಗಿಸಿ, ಆರೈಕೆದಾರರಿಗೆ ವರ್ಷವಿಡೀ ತಿಂಗಳಿಗೊಮ್ಮೆ ಬಿಡುವು ಸಿಗುವಂತೆ ಸ್ವಯಂಸೇವಕರನ್ನು ಗೊತ್ತುಮಾಡುವುದನ್ನೇ ಪ್ರಶಸ್ತಿಯ ಭಾಗವಾಗಿಸಿ.

ಇದಕ್ಕೆಲ್ಲ ಸಮಯ ಬೇಕಾಗುವುದರಿಂದ ನಮೂನೆಯು ಜೂನ್ ತಿಂಗಳಲ್ಲೇ ಹೊರಬೀಳಲಿ, ಜುಲೈ ಮತ್ತು ಆಗಸ್ಟ್ ಮನೆಭೇಟಿಗೆ ಮೀಸಲಿರಲಿ, ಸೆಪ್ಟೆಂಬರ್ ಮೊದಲ ವಾರದೊಳಗೆ ಕರಡುಗಳನ್ನು ಹಿರಿಯರ ಮುಂದೆ ಓದಿ ಮುಗಿಸಿರಿ. ಅವರು ಹೇಳಿದ ತಿದ್ದುಪಡಿಗಳನ್ನು ಮುದ್ರಣಕ್ಕೆ ಹೋಗುವ ಪ್ರತಿಯಲ್ಲಿ ಮಾತ್ರವಲ್ಲ, ನಿರೂಪಕರ ಕೈಗೆ ಕೊಡುವ ಪ್ರತಿಯಲ್ಲೂ ಮಾಡಿ, ಮತ್ತು ನಾಮನಿರ್ದೇಶನದ ಮೂಲ ಅರ್ಜಿಗಳು ನಿರೂಪಕರಿಗೆ ಯಾವ ಕಾರಣಕ್ಕೂ ತಲುಪದಂತೆ ನೋಡಿಕೊಳ್ಳಿ.