ಮಾನಿಟರ್ ಕೊಳ್ಳೋದು, ಕೊಂಡ ಮೇಲೆ ಬರೋ ತಕರಾರು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ಹಗಲೆಲ್ಲಾ ಎಕ್ಸೆಲ್ಲು, ಟೈಪಿಂಗು, ರಾತ್ರಿ ಸಿನಿಮಾ. ತೀರಾ ಅಗ್ಗದ್ದೂ ಬೇಡ, ದುಬಾರಿದೂ ಬೇಡ. 27 ಇಂಚು ತಗೊಳ್ಳಲಾ? ಎಚ್‌ಡಿಆರ್ (ಬೆಳಕು, ಕತ್ತಲು ಎರಡೂ ಎದ್ದು ಕಾಣಿಸೋ ಸೌಲಭ್ಯ) ಇರಲೇಬೇಕಾ?

ಉತ್ತರ: ಮೊದ್ಲು ಸೈಜು, ರೆಸಲ್ಯೂಶನ್ನು (ಪರದೆ ಅಡ್ಡಕ್ಕೆ, ಉದ್ದಕ್ಕೆ ಎಷ್ಟು ಪಿಕ್ಸೆಲ್, ಅಂದ್ರೆ ಚಿತ್ರದ ಚುಕ್ಕಿ, ಇದೆ ಅನ್ನೋದು) ಎರಡನ್ನೂ ಒಟ್ಟಿಗೆ ನೋಡಿ. 24 ಇಂಚಿಗೆ 1920×1080 ಸಾಕು, ಇಂಚಿಗೆ ಸುಮಾರು 92 ಪಿಕ್ಸೆಲ್ ಸಿಗುತ್ತೆ, ಅದೇ ರೆಸಲ್ಯೂಶನ್ನು 27 ಇಂಚಲ್ಲಿ ತಗೊಂಡ್ರೆ 82ಕ್ಕೆ ಇಳಿದು ಒತ್ತಕ್ಷರ ಎಲ್ಲಾ ಒರಟೊರಟಾಗಿ ಕಾಣುತ್ತೆ, ದಿನವಿಡೀ ಓದೋರಿಗೆ ಅದು ಹಿಂಸೆ. 27 ಬೇಕೇ ಬೇಕು ಅಂದ್ರೆ 2560×1440 ಇರೋದನ್ನೇ ತಗೊಳ್ಳಿ. ಪ್ಯಾನೆಲ್, ಅಂದ್ರೆ ಚಿತ್ರ ಮೂಡೋ ಪರದೆ ವಿಷ್ಯಕ್ಕೆ ಬಂದ್ರೆ, ಐಪಿಎಸ್, ವಿಎ ಅಂತ ಬಗೆಗಳಿವೆ: ಐಪಿಎಸ್‌ನಲ್ಲಿ ಪಕ್ಕದಿಂದ ನೋಡಿದ್ರೂ ಬಣ್ಣ ಕೆಡಲ್ಲ, ವಿಎನಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗೇ ಬರುತ್ತೆ ಆದ್ರೆ ಕತ್ತಲ ದೃಶ್ಯದಲ್ಲಿ ಏನಾದ್ರೂ ಬೇಗ ಓಡಿದ್ರೆ ಹಿಂದೆ ಕಲೆ ಎಳೆದಂಗಾಗುತ್ತೆ. ನಿಮ್ಮ ಕೆಲ್ಸಕ್ಕೆ ಐಪಿಎಸ್ಸೇ ಸರಿ. ಈ ಬೆಲೇಲಿ ಬರೋ ಎಚ್‌ಡಿಆರ್ 400 (ಎಚ್‌ಡಿಆರ್‌ನಲ್ಲಿ ತೀರಾ ಕೆಳಗಿನ ದರ್ಜೆ) ಸ್ಟಿಕ್ಕರ್ ನಂಬ್ಕೊಂಡು ಒಂದು ಪೈಸೆ ಜಾಸ್ತಿ ಕೊಡ್ಬೇಡಿ, ಆ ದುಡ್ಡನ್ನ ಎತ್ತರ ಏರ್ಸಿ ಇಳ್ಸೋ ಸ್ಟ್ಯಾಂಡ್ ಇರೋದಕ್ಕೆ ಹಾಕಿ, ಕತ್ತು ಉಳಿಯುತ್ತೆ.

ಪ್ರಶ್ನೆ: ಹೊಸಾ ಮಾನಿಟರ್ ಮಧ್ಯದಲ್ಲೇ ಒಂದು ಹಸಿರು ಚುಕ್ಕಿ. ಕೆಳಗಿನ ಮೂಲೇಲಿ ಬೆಳಕು ಬೇರೆ ಸೋರ್ತಿದೆ. ಒಂದು ಚುಕ್ಕಿಗೆಲ್ಲಾ ವಾರಂಟಿ ಬರಲ್ಲ ಅಂತಾರೆ, ನಿಜಾನಾ?

ಉತ್ತರ: ಬೇಜಾರಿನ ಸಂಗತಿ, ಬಹುತೇಕ ನಿಜ. ಫುಲ್ ಎಚ್‌ಡಿ (1920×1080) ಪರದೇಲಿ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್ ಇರೋದ್ರಿಂದ ಇಷ್ಟು ಚುಕ್ಕಿವರೆಗೂ ನಮ್ಮ ಜವಾಬ್ದಾರಿ ಅಲ್ಲ ಅಂತ ಕಂಪನಿಗಳು ಮೊದಲೇ ಬರೆದಿಟ್ಟಿರ್ತವೆ. ಆದ್ರೆ ವಾರಂಟಿ ಬೇರೆ, ಅಂಗಡಿಯವರು ವಾಪಸ್ ತಗೊಳೋ ಅವಧಿ ಬೇರೆ, ಆ ಅವಧಿ ಇನ್ನೂ ಇದ್ರೆ ಸುಮ್ನೆ ವಾದ ಮಾಡ್ತಾ ಕೂರ್ಬೇಡಿ, ವಾಪಸ್ ಕೊಟ್ಬಿಡಿ. ಡಬ್ಬಾ, ಥರ್ಮಾಕೋಲು ಅದಕ್ಕೇ ಎತ್ತಿಡಿ ಅಂತ ನಾನು ಎಲ್ಲರಿಗೂ ಹೇಳೋದು. ಚುಕ್ಕಿ ಯಾವಾಗ್ಲೂ ಕಪ್ಪಗಿದ್ರೆ ಸತ್ತಿರೋ ಪಿಕ್ಸೆಲ್, ನಿಮ್ದು ಹಸಿರು ಅಂದ್ರೆ ಸಿಕ್ಕಾಕೊಂಡಿರೋದು, ಬಣ್ಣ ಬೇಗ ಬೇಗ ಬದ್ಲಾಯ್ಸೋ ವೀಡಿಯೊ ಹಾಕಿಟ್ರೆ ಕೆಲವು ಸಲ ಬಿಟ್ಕೊಳ್ಳುತ್ತೆ, ಗ್ಯಾರಂಟಿ ಇಲ್ಲ. ಬೆರಳಲ್ಲಿ ಮಾತ್ರ ಒತ್ತಬೇಡಿ, ಪಕ್ಕದ ಪಿಕ್ಸೆಲ್ಲೂ ಹಾಳಾಗ್ಬಹುದು.

ಇನ್ನು ಆ ಮೂಲೆ ಬೆಳಕು. ರೂಮ್ ಲೈಟ್ ಆರಿಸಿ, ಪರದೆ ಪೂರ್ತಿ ಕಪ್ಪು ಮಾಡಿ, ಬ್ರೈಟ್‌ನೆಸ್ ದಿನಾ ಇಡೋವಷ್ಟೇ ಇಟ್ಟು ತಲೆ ಆಚೆ ಈಚೆ ವಾಲಿಸಿ ನೋಡಿ. ನೀವು ಸರಿದಂಗೆ ಬೆಳಕೂ ಬದಲಾದ್ರೆ ಅದು ಐಪಿಎಸ್ ಗುಣ, ಬೇರೆ ಪೀಸ್ ತಂದ್ರೂ ಸ್ವಲ್ಪ ಇದ್ದೇ ಇರುತ್ತೆ. ಅಲ್ಲೇ ಕೂತಿದ್ರೆ ಬ್ಯಾಕ್‌ಲೈಟ್ (ಪರದೆ ಹಿಂದಿನ ದೀಪ) ಸೋರಿಕೆ, ವಾಪಸ್ ಕೊಡೋಕೆ ಇದೂ ಕಾರಣ. ಮೊಬೈಲ್ ಫೋಟೋ ನೋಡಿ ತೀರ್ಮಾನ ಮಾಡ್ಬೇಡಿ, ಕತ್ತಲಲ್ಲಿ ಕ್ಯಾಮೆರಾ ಇರೋದಕ್ಕಿಂತ ಜಾಸ್ತಿನೇ ತೋರ್ಸುತ್ತೆ.

ಪ್ರಶ್ನೆ: ಹಳೇ ಮಾನಿಟರ್‌ನಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಬಂದಿದೆ. ಕಂಪ್ಯೂಟರ್ ತಪ್ಪಾ, ಮಾನಿಟರ್ ತಪ್ಪಾ?

ಉತ್ತರ: ಮಾನಿಟರ್ ಬಟನ್ ಒತ್ತಿ ಅದರದ್ದೇ ಮೆನು ತೆಗೆದು ಗೆರೆ ಮೇಲೆ ಬರೋ ಹಾಗೆ ಇಡಿ. ಗೆರೆ ಮೆನು ಮೇಲೂ ಹಾಯ್ದಿದ್ರೆ ಮಾನಿಟರ್ರೇ ಕೆಟ್ಟಿದೆ, ಮೆನು ಸ್ವಚ್ಛವಾಗಿದ್ರೆ ಕೇಬಲ್ಲೋ ಗ್ರಾಫಿಕ್ಸ್ ಕಾರ್ಡೋ ಇರ್ಬೇಕು, ಮೊದ್ಲು ಕೇಬಲ್ ಬದಲಾಯ್ಸಿ. ಪ್ಯಾನೆಲ್ಲೇ ಹೋಗಿದ್ದು ವಾರಂಟಿನೂ ಮುಗಿದಿದ್ರೆ ರಿಪೇರಿಗೆ ದುಡ್ಡು ಸುರೀಬೇಡಿ, ಹೊಸಾ ಪ್ಯಾನೆಲ್ ಖರ್ಚು ಹೊಸಾ ಮಾನಿಟರ್ ಹತ್ರ ಹತ್ರಾನೇ ಬರುತ್ತೆ.