ವಸಡಿನ ರೋಗಕ್ಕೆ ಮಾತ್ರೆಯೋ, ಕ್ಲೀನಿಂಗೋ?

ಪ್ರಶ್ನೆ: ಮಗಳಿಗೆ 17 ವರ್ಷ. ಎರಡು ಹೊತ್ತೂ ಹಲ್ಲುಜ್ಜುತ್ತಾಳೆ, ಪಾಚಿಯೇನೂ ಕಾಣುವುದಿಲ್ಲ. ಆದರೂ ಕೆಳಗಿನ ದವಡೆ ಹಲ್ಲು ಅಲ್ಲಾಡುತ್ತಿದೆ, ಬಾಚಿಹಲ್ಲುಗಳ ನಡುವೆ ಸಂದು ಬಿದ್ದಿದೆ. ಎಕ್ಸ್‌ರೇ ನೋಡಿದ ದಂತವೈದ್ಯರು ಮೂಳೆ ಕರಗಿದೆ, ಡೀಪ್ ಕ್ಲೀನಿಂಗ್ ಆಗಬೇಕು ಅಂದರು. ಕ್ಲೀನ್ ಮಾಡಿಸಿದರೆ ಹಲ್ಲು ಇನ್ನೂ ಸಡಿಲವಾಗುತ್ತದೆಂದು ಮನೆಯವರ ಭಯ. ಆ್ಯಂಟಿಬಯಾಟಿಕ್, ಮೌತ್‌ವಾಶ್‌ನಲ್ಲೇ ವಾಸಿಯಾಗದೇ?
– ಓದುಗರೊಬ್ಬರು, ಹಾಸನ

ಉತ್ತರ: ಆಗುವುದಿಲ್ಲ. ಆದರೆ ನಿಮ್ಮ ಮಗಳಿಗೆ ಬರೀ ಕ್ಲೀನಿಂಗ್ ಕೂಡ ಸಾಲದೇ ಹೋಗಬಹುದು.

ಪಾಚಿ ಕಡಿಮೆಯಿದ್ದೂ ಮೊದಲ ದವಡೆ ಹಲ್ಲು ಮತ್ತು ಬಾಚಿಹಲ್ಲುಗಳ ಸುತ್ತಲೇ ಮೂಳೆ ಬೇಗ ಕರಗುವುದು ಹರೆಯದವರಲ್ಲಿ ಕಾಣುವ ಒಂದು ಬಗೆಯ ಪೆರಿಯೊಡಾಂಟೈಟಿಸ್‌ನ (ಹಲ್ಲು ಹಿಡಿದಿಡುವ ಮೂಳೆ ಕರಗಿಸುವ ವಸಡಿನ ರೋಗ) ಲಕ್ಷಣ. ಇದರಲ್ಲಿ ಹೆಚ್ಚಾಗಿ ಸಿಗುವ ಅಗ್ರಿಗೇಟಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೇರಿನ ಮೇಲಷ್ಟೇ ಅಲ್ಲ, ವಸಡಿನ ಮಾಂಸದೊಳಗೂ ಸೇರಿಕೊಳ್ಳುತ್ತದೆ. ಕೆರೆಯುವ ಉಪಕರಣ ಅಲ್ಲಿಗೆ ತಲುಪದು, ಮಾತ್ರೆ ರಕ್ತದ ಮೂಲಕ ತಲುಪುತ್ತದೆ. ಆದರೆ ಬೇರಿಗೆ ಅಂಟಿದ ಲೋಳೆಪದರದೊಳಗಿನ ಬ್ಯಾಕ್ಟೀರಿಯಾವನ್ನು ಮಾತ್ರೆಯೊಂದೇ ಕೊಲ್ಲಲಾರದು. ನೀರಿನ ತೊಟ್ಟಿಯ ಗೋಡೆಗೆ ಹಿಡಿದ ಲೋಳೆ ಔಷಧಿ ಸುರಿದರೆ ಹೋಗುತ್ತದೆಯೇ? ಉಜ್ಜಲೇಬೇಕು.

ಹಾಗಾಗಿ ಕ್ರಮ ಮುಖ್ಯ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಬೇರಿನವರೆಗೆ ಸ್ಕೇಲಿಂಗ್ (ಪಾಚಿ ಕೆರೆದು ತೆಗೆಯುವುದು), ರೂಟ್ ಪ್ಲೇನಿಂಗ್ (ಬೇರನ್ನು ನುಣುಪಾಗಿಸುವುದು) ಮಾಡುತ್ತಾರೆ; ಡೀಪ್ ಕ್ಲೀನಿಂಗ್ ಅಂದರೆ ಇದೇ. ಒಂದೆರಡು ಸಿಟಿಂಗ್ ಬೇಕು, ವಾರದೊಳಗೆ ಮುಗಿದರೆ ಒಳ್ಳೆಯದು. ಮಾತ್ರೆ ಬೇಕೆನಿಸಿದರೆ ಆ ಹೊತ್ತಿಗೇ ಶುರು ಮಾಡುತ್ತಾರೆ: ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 500 ಮಿಗ್ರಾಂ, ಮೆಟ್ರೊನಿಡಜೋಲ್ 400 ಮಿಗ್ರಾಂ, ಎರಡೂ ದಿನಕ್ಕೆ 3 ಸಲ, 7 ದಿನ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ದಯವಿಟ್ಟು ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ತರಬೇಡಿ. ಕ್ಲೀನಿಂಗ್ ಇಲ್ಲದೆ ನುಂಗಿದರೆ ಊತ, ರಕ್ತ ಒಂದಿಷ್ಟು ದಿನ ನಿಂತು ವಾಸಿಯಾದಂತೆ ಅನಿಸುತ್ತದೆ, ಒಳಗೆ ಮೂಳೆ ಕರಗುತ್ತಲೇ ಇರುತ್ತದೆ.

ಮೌತ್‌ವಾಶ್ ಆಳದ ಪಾಕೆಟ್‌ಗೆ, ಅಂದರೆ ಹಲ್ಲಿಗೂ ವಸಡಿಗೂ ನಡುವೆ ಬಿದ್ದ ಸಂದಿಗೆ, ಇಳಿಯುವುದಿಲ್ಲ. ಕ್ಲೀನಿಂಗ್ ನಂತರ ಬ್ರಶ್ ತಾಗಿಸಲಾಗದ ದಿನಗಳಿಗೆ ಅದು ಸರಿ: 0.2% ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ., ಒಂದು ನಿಮಿಷ ಮುಕ್ಕಳಿಸಿ ಉಗುಳುವುದು, ದಿನಕ್ಕೆ 2 ಸಲ. ಪೇಸ್ಟ್‌ನ ನೊರೆ ಅದರ ಶಕ್ತಿ ಕುಂದಿಸುವುದರಿಂದ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ. ವಾರಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಇನ್ನು ಹಲ್ಲು ಸಡಿಲವಾಗುವ ಭಯ. ಊತ ಇಳಿದಾಗ ವಸಡು ಕುಗ್ಗಿ ಸಂದು ಎದ್ದು ಕಾಣುತ್ತದೆ, ತಣ್ಣೀರು ಜುಮ್ಮೆನ್ನುತ್ತದೆ. ಹಲ್ಲು ಸಡಿಲವಾದದ್ದು ಮೂಳೆ ಕರಗಿ, ಕ್ಲೀನಿಂಗ್‌ನಿಂದಲ್ಲ. ಬೇರು ಸ್ವಚ್ಛವಾದ ಮೇಲೆ ಎಷ್ಟೋ ಹಲ್ಲುಗಳು ಬಿಗಿಯಾಗುತ್ತವೆ.

ಎರಡು-ಮೂರು ತಿಂಗಳಿಗೆ ಪಾಕೆಟ್‌ಗಳನ್ನು ಮತ್ತೆ ಅಳೆಸಿ. ಆಳ 3 ಮಿ.ಮೀ.ವರೆಗೆ ಇದ್ದರೆ ಚಿಂತೆಯಿಲ್ಲ, 5 ದಾಟಿ ರಕ್ತ ಬರುತ್ತಿದ್ದರೆ ಪುನಃ ಕ್ಲೀನಿಂಗ್, ಕೆಲವೊಮ್ಮೆ ವಸಡಿನ ಸರ್ಜರಿ. ಆಮೇಲೂ ಮೂರು ತಿಂಗಳಿಗೊಮ್ಮೆ ತಪ್ಪದೆ ತೋರಿಸಬೇಕು. ಈ ರೋಗ ಒಂದೇ ಮನೆಯಲ್ಲಿ ಹಲವರಿಗೆ ಬರುವುದುಂಟು. ಅವಳಿಗೆ ತಮ್ಮನೋ ತಂಗಿಯೋ ಇದ್ದರೆ, ಹಲ್ಲು ಗಟ್ಟಿಯಿದ್ದರೂ ಈ ಸಲವೇ ಜೊತೆಗೆ ಕರೆದೊಯ್ದು ಪಾಕೆಟ್ ಅಳೆಸಿ.