ಡಬ್ಬದ ಮೇಲಿನ ವಾಟ್ ಬಿಡಿ, ಬಾಗ್ಲು ತಟ್ಟಿ ನೋಡಿ

ಪ್ರಶ್ನೆ: ಸಾರ್, ನಂದು ಸೆಕೆಂಡ್ ಹ್ಯಾಂಡ್ ಸ್ವಿಫ್ಟು. ಕಂಪನಿ ಸ್ಪೀಕರ್‌ಗಳೇ ಇದಾವೆ, ಮುಂದಿನ ಒಂದರಲ್ಲಿ ಸೌಂಡಿಗೆ ಅದುರೋ ಕೋನ್ ಹರ್ದು ಬರ್‌ಬರ್ ಅಂತದೆ. ವಾರ ವಾರ ಬೆಂಗಳೂರಿಗೆ ಓಡಾಟ. 8,000 ರೂಪಾಯಿ ಮೇಲೆ ಮನೇಲಿ ಬಿಡಲ್ಲ. ಅಂಗಡಿಯವ್ರು ಹಿಂದಿನ ಟ್ರೇಗೆ 500 ವಾಟಿನ ಓವಲ್ ಸ್ಪೀಕರ್ ಹಾಕ್ಸಿ, ಮುಂದಕ್ಕೆ ಯಾವ್ದೋ ಒಂದು ಸಾಕು ಅಂತಾರೆ. ಹಾಕ್ಸಲಾ?
(ಓದುಗರು, ಗುತ್ತಲು, ಮಂಡ್ಯ)

ಉತ್ತರ: ಬೇಡ. ಕೂರೋದು ಮುಂದೆ, ಹಾಡು ಕೇಳೋದು ಮುಂದೆ, ದುಡ್ಡು ಸುರಿಯೋದು ಮಾತ್ರ ಡಿಕ್ಕಿಗಾ? ಸ್ವಿಫ್ಟಿನ ಟ್ರೇ ಡಿಕ್ಕಿ ಡೋರ್ ಜೊತೆ ಎದ್ದು ಬರೋ ಹಗೂರದ ಹಲಗೆ ಕಣ್ರೀ, ಅದ್ರ ಮೇಲೆ ದಪ್ಪ ಮ್ಯಾಗ್ನೆಟ್ಟಿನ ಎರಡು ಓವಲ್ ಕೂರ್ಸಿದ್ರೆ ಸ್ವಲ್ಪ ಬೇಸ್ ಏರ್ಸಿದ ತಕ್ಷಣ ಟ್ರೇನೇ ಗಡಗಡ ಅನ್ನುತ್ತೆ, ಮೇಲಾಗಿ ಹಿಂದೆ ಕೂತ ಮಕ್ಕಳ ತಲೆ ಹಿಂದೇನೇ ಅಷ್ಟು ಭಾರ ಇರುತ್ತೆ, ಜೋರಾಗಿ ಬ್ರೇಕ್ ಹೊಡ್ದಾಗ ಅದು ಎಲ್ಲಿಗೆ ಬರುತ್ತೆ ಅಂತ ನೀವೇ ಯೋಚ್ನೆ ಮಾಡಿ.

ಇನ್ನು 500 ವಾಟ್ ಅನ್ನೋದು ಡಬ್ಬದ ಮಾತು. ಅದು ಪೀಕ್, ಒಂದು ಗಳಿಗೆ ತಡ್ಕೊಳ್ಳೋ ಲೆಕ್ಕ. ನೋಡ್ಬೇಕಾಗಿರೋದು ಆರ್‌ಎಂಎಸ್, ಅಂದ್ರೆ ಒಂದೇ ಸಮ ತಡ್ಕೊಳ್ಳೋ ಪವರ್, ಡಬ್ಬದ ಮೂಲೇಲಿ ಸಣ್ಣ ಅಕ್ಷರದಲ್ಲಿ ಇರುತ್ತೆ, ಅದನ್ನ ನೋಡಿದ್ರೆ 500 ಎಲ್ಲಿ ಹೋಯ್ತು ಅಂತ ಹುಡುಕ್ಬೇಕಾಗುತ್ತೆ. ಡ್ಯಾಶ್‌ಬೋರ್ಡಲ್ಲಿರೋ ಸ್ಟೀರಿಯೋ ಸೆಟ್ಟಿನ ಕಥೆನೂ ಅಷ್ಟೇ. ಮುಖದ ಮೇಲೆ 4×50 ವಾಟ್ ಅಂತ ಬರ್ದಿದ್ರೂ ಬೇರೆ ಆಂಪ್ಲಿಫೈಯರ್ ಇಲ್ದೆ ಕಾರಿನ ಬ್ಯಾಟರಿ ಲೈನಿಂದ 4 ಓಮ್ ಸ್ಪೀಕರಿಗೆ ಕ್ಲೀನಾಗಿ ಬರೋದು ಹೆಚ್ಚು ಕಮ್ಮಿ 20 ವಾಟ್ ಒಳಗೇ. ಹಂಗಾಗಿ ಕಮ್ಮಿ ಪವರಲ್ಲೇ ಜೋರಾಗಿ ಹಾಡೋ ಸ್ಪೀಕರ್ ಬೇಕು. ಅದಕ್ಕೆ ಸೆನ್ಸಿಟಿವಿಟಿ ಅಂತ ಡಿಬಿ (ಡೆಸಿಬಲ್) ಲೆಕ್ಕದಲ್ಲಿ ಕೊಟ್ಟಿರ್ತಾರೆ. 90 ಡಿಬಿ ಸ್ಪೀಕರು 20 ವಾಟಲ್ಲಿ ಕೊಡೋ ಸೌಂಡನ್ನ 87 ಡಿಬಿದು ಕೊಡ್ಬೇಕಂದ್ರೆ 40 ವಾಟ್ ಕೇಳುತ್ತೆ, 3 ಡಿಬಿಗೆ ಪವರ್ ಡಬಲ್. ಇದ್ರಲ್ಲೂ ಒಂದು ಕಿತಾಪತಿ ಇದೆ, ಕೆಲವ್ರು 1 ವಾಟಿಗೆ ಅಳೀತಾರೆ, ಕೆಲವ್ರು 2.83 ವೋಲ್ಟಿಗೆ ಅಳೀತಾರೆ, 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಅಂದ್ರೆ 2 ವಾಟ್ ಆಯ್ತು, ಅಲ್ಲಿಗೆ 3 ಡಿಬಿ ಪುಕ್ಸಟ್ಟೆ ಜಾಸ್ತಿ ಕಾಣುತ್ತೆ. ಎರಡು ಡಬ್ಬ ಹೋಲಿಸುವಾಗ ಇದನ್ನ ನೋಡ್ಕೊಳ್ಳಿ.

ನಾನಾಗಿದ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡನ್ನ ಮುಂದಿನ ಎರಡು ಬಾಗ್ಲಿಗೆ ಆರೂವರೆ ಇಂಚಿನ ಒಂದು ಜೊತೆಗೆ ಹಾಕ್ತೀನಿ. ಬಜೆಟ್ಟಲ್ಲಿ ಸಿಕ್ರೆ ಕಾಂಪೊನೆಂಟ್ ಸೆಟ್ ತಗೊಳ್ಳಿ, ಅದ್ರಲ್ಲಿ ಟ್ವೀಟರ್, ಅಂದ್ರೆ ಕೀರಲು ಸ್ವರದ ಪುಟ್ಟ ಸ್ಪೀಕರ್, ಬೇರೆ ಇರುತ್ತೆ, ಮಿರರ್ ಹತ್ರ ಮೇಲೆ ಕೂರ್ಸಿದ್ರೆ ಹಾಡೋರ ದನಿ ಕಾಲಡಿಯಿಂದ ಬರಲ್ಲ, ಎದುರಿಂದ ಬಂದಂಗಿರುತ್ತೆ. ಇಲ್ಲಾಂದ್ರೆ ಟ್ವೀಟರ್ ಒಂದೇ ಸ್ಪೀಕರಲ್ಲಿ ಸೇರಿರೋ ಒಳ್ಳೆ ಕೋಆಕ್ಸಿಯಲ್ಲೇ ಸಾಕು. ಹಿಂದಿನವು ಕಂಪನಿದೇ ಇರ್ಲಿ, ಸೌಂಡನ್ನ ಹಿಂದೆ ಮುಂದೆ ಹಂಚೋ ಫೇಡರ್ ಮುಂದಕ್ಕೆ ತಳ್ಳಿ.

ಮಿಕ್ಕಿದ ದುಡ್ಡು ಬಾಗ್ಲಿಗೆ. ಸ್ಪೀಕರ್ ಜಾಲರಿ ಪಕ್ಕ ಬೆರಳಲ್ಲಿ ತಟ್ಟಿ ನೋಡಿ, ಖಾಲಿ ಎಣ್ಣೆ ಡಬ್ಬ ತಟ್ಟಿದಂಗೆ ಟಣ್ ಅನ್ನುತ್ತೆ. ಡೋರ್ ಪ್ಯಾಡ್ ಬಿಚ್ಚಿದ್ರೆ ಒಳಗೆ ತಗಡಿನ ತುಂಬ ತೂತು, ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ. ಕೋನಿನ ಹಿಂದಿನ ಸೌಂಡು ಆ ತೂತಿಂದ ಬಂದು ಮುಂದಿನ ಸೌಂಡ್ ಜೊತೆ ಸೇರಿ ಬೇಸನ್ನ ಹೊಡ್ದಾಕುತ್ತೆ. ಆ ಬಾಗ್ಲಿಗೆ ಎಷ್ಟು ಬೆಲೆ ಸ್ಪೀಕರ್ ಹಾಕಿದ್ರೂ ಅಷ್ಟೇ. ತಗಡಿನ ನಡುಕ ತಡೆಯೋ ಅಂಟು ಹಾಳೆ ಸಿಗುತ್ತೆ, ಬ್ಯೂಟೈಲ್ ಡ್ಯಾಂಪಿಂಗ್ ಶೀಟು ಅಂತ, ಹೊರ ತಗಡಿನ ಒಳಮೈಗೆ ಸ್ಪೀಕರ್ ಹಿಂದೆ ಒಂದಷ್ಟು, ಆಮೇಲೆ ತೂತು ಮುಚ್ಚೋಕೆ ಒಂದಷ್ಟು, ಹಚ್ಚೋ ಮುಂಚೆ ಧೂಳು ಜಿಡ್ಡು ಚೆನ್ನಾಗಿ ಒರೆಸಿ ರೋಲರಲ್ಲಿ ಒತ್ತಿಸಿ. ಬಾಗ್ಲ ಕೆಳ ಅಂಚಲ್ಲಿ ನೀರು ಹೋಗೋ ಸಣ್ಣ ಕಿಂಡಿಗಳಿರ್ತವೆ, ಅವನ್ನ ಮಾತ್ರ ಮುಚ್ಚಿಸ್ಬೇಡಿ, ಗ್ಲಾಸಿನ ರಬ್ಬರ್ ಸಂದಿಂದ ಇಳಿಯೋ ಮಳೆ ನೀರು ಅಲ್ಲೇ ನಿಂತು ತಗಡು ತುಕ್ಕು ಹಿಡಿಯುತ್ತೆ. ಸ್ಕ್ರೂ ಬಿಗಿಯೋ ಮುಂಚೆ ಗ್ಲಾಸ್ ಪೂರ್ತಿ ಇಳಿಸಿ ನೋಡ್ಸಿ, ಮ್ಯಾಗ್ನೆಟ್ಟಿಗೆ ತಾಗಿದ್ರೆ ಕಷ್ಟ.

ಎಕ್ಸ್‌ಪ್ರೆಸ್‌ವೇಲಿ 100ರಲ್ಲಿ ಹೋಗುವಾಗ ಟಯರ್ ಸದ್ದು ಮೊದ್ಲು ನುಂಗೋದೇ ಬೇಸನ್ನ, ಅದಕ್ಕೇ ಅಂಗಡೀಲಿ ನಿಂತ ಕಾರಲ್ಲಿ ಕೇಳಿ ಮರುಳಾಗ್ಬೇಡಿ. ಹಂಗಂತ ಬೇಸ್ ಪೂರ್ತಿ ತಿರುಗಿಸ್ಬೇಡಿ, ಸೆಟ್ಟಲ್ಲಿ ಎಚ್‌ಪಿಎಫ್ (ಹೈ ಪಾಸ್ ಫಿಲ್ಟರ್) ಅಂತ ಇದ್ರೆ 80 ಹರ್ಟ್ಜ್‌ಗೆ ಇಡಿ, ಕೋನು ತೀರಾ ಕೆಳಗಿನ ಬೇಸಿಗೆ ಒದ್ದಾಡೋದು ತಪ್ಪುತ್ತೆ. ಕಬ್ಬಿನ ಟ್ರ್ಯಾಕ್ಟರಲ್ಲಿ ಕಟ್ಟಿರೋ ಬಾಕ್ಸುಗಳನ್ನ ನೋಡಿ ಆಸೆ ಪಡ್ಬೇಡಿ, ಅದು ಊರಿಗೆಲ್ಲ ಕೇಳ್ಸೋಕೆ ಮಾಡಿರೋದು!

ಪ್ರಶ್ನೆ: ಹೊಸ ಸ್ಪೀಕರ್ ಹಾಕ್ಸಿದ ಮೇಲೆ ಸೌಂಡ್ ಜೋರಿದೆ, ಬೇಸ್ ಮಾತ್ರ ಮುಂಚಿಗಿಂತ ಕಮ್ಮಿ. ಸ್ಪೀಕರ್ ಡೂಪ್ಲಿಕೇಟಾ?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಇರ್ಬೋದು, ಆದ್ರೆ ಮೊದ್ಲು ವೈರ್ ನೋಡಿ. ಬ್ಯಾಲೆನ್ಸ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಕೇಳಿ. ಒಂದೇ ಹಾಡುವಾಗ ಬೇಸ್ ಚೆನ್ನಾಗಿದ್ದು ಎರಡೂ ಸೇರಿದಾಗ ಮಾಯ ಆದ್ರೆ ಒಂದರಲ್ಲಿ ಪ್ಲಸ್ ಮೈನಸ್ ಅದಲು ಬದಲಾಗಿದೆ ಅಂತ, ಒಂದು ಕೋನು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗ್ತಿರುತ್ತೆ. ಸೆಟ್ಟಿನ ಕಡೆ ವೈರ್ ಬಿಚ್ಚಿ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನ ಅರೆಗಳಿಗೆ ಮುಟ್ಟಿಸಿ, ಪ್ಲಸ್ಸಿಗೆ ಪ್ಲಸ್ ಆದಾಗ ಕೋನು ಹೊರಗೆ ಬರ್ಬೇಕು. ಒಳಗೆ ಹೋದ್ರೆ ಆ ಬಾಗ್ಲಿನ ಎರಡು ವೈರ್ ಬದ್ಲಾಯಿಸಿ.

ಪ್ರಶ್ನೆ: ಹೊಸ ಕಾರು. ಫಿಟಿಂಗ್ ಹುಡುಗ ಸ್ಪೀಕರ್ ಹಾಕೋಕೆ ಕಂಪನಿ ವೈರ್ ಕಟ್ ಮಾಡ್ಬೇಕು ಅಂತಾನೆ. ಮಾಡ್ಸಲಾ?
(ಓದುಗರು, ಹೂಟಗಳ್ಳಿ)

ಉತ್ತರ: ಮಾಡ್ಸಬೇಡಿ. ನಿಮ್ಮ ಮಾಡೆಲ್ಲಿಗೆ ಕಪ್ಲರ್ ಸಿಗುತ್ತೆ, ಒಂದು ಕಡೆ ಕಾರಿನ ಸಾಕೆಟ್ಟಿಗೆ, ಇನ್ನೊಂದು ಕಡೆ ಸ್ಪೀಕರಿಗೆ. ವೈರ್ ಕಟ್ ಮಾಡಿದ್ರೆ ನಾಳೆ ಎಲೆಕ್ಟ್ರಿಕಲ್ ತೊಂದ್ರೆ ಬಂದಾಗ ವಾರಂಟಿ ಇಲ್ಲ ಅನ್ನೋಕೆ ಕಾರ್ ಕಂಪನಿಯವ್ರಿಗೆ ಅಷ್ಟೇ ಸಾಕು. ಕಪ್ಲರ್ ಇಲ್ಲ ಅಂದ್ರೆ ಬೇರೆ ಅಂಗಡಿ ನೋಡಿ.